ಎರೆ ನೆಲದಲ್ಲಿ ದೊಣ್ಣೆ ಮೆಣಸಿನಕಾಯಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಹೆದ್ದಾರಿಯ ಪಯಣ ಒಂದು ತಾಸಿನೊಳಗೇ ಮುಗಿದುಹೋಗುತ್ತದೆ. ಆದರೆ ಕಣ್ಣಿಟ್ಟು ನೋಡುವವನಿಗೆ ಆ ನಾಡಿನಲ್ಲಿ ಎರಡು ಬಗೆಯ ನೆಲಗಳು ಕಾಣಿಸುತ್ತವೆ. ಬೀದರ, ಹುಮನಾಬಾದುಗಳ ಎತ್ತರದ ಬಯಲಿನಲ್ಲಿ ಕೆಂಪು ಮಸಾರಿ ಮಣ್ಣು. ಅದರ ಅಡಿಯಲ್ಲಿ ಇಟ್ಟಿಗೆಯಂತೆ ಕಡಿಯಬಹುದಾದ ಜಂಬಿಟ್ಟಿಗೆ ಕಲ್ಲು. ಬಸವಕಲ್ಯಾಣದ ಕಡೆಗೆ ಇಳಿದಂತೆಲ್ಲ ಕಪ್ಪು ಎರೆ ಮಣ್ಣಿನ ಹೊಲಗಳು. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ಹಿಡಿದಿಟ್ಟುಕೊಳ್ಳುವ ಈ ಎರೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿನೊಳಗೆ ಮೇಲಿನ ಮಣ್ಣು ಉದುರಿ, ಮತ್ತೆ ಮಳೆ ಬಂದಾಗ ಉಬ್ಬಿ, ತನ್ನನ್ನು ತಾನೇ ತಿರುವಿಹಾಕಿಕೊಳ್ಳುವುದರಿಂದ ‘ತಾನೇ ಉಳುವ ಮಣ್ಣು’ ಎಂಬ ಹೊಗಳಿಕೆಗೂ ಅದು ಪಾತ್ರವಾಗಿದೆ.

ಈ ನೆಲ ತೊಗರಿಗೆ, ಜೋಳಕ್ಕೆ, ಕಡಲೆಗೆ, ಉದ್ದು ಹೆಸರುಗಳಿಗೆ ತಾಯಿಯ ಮಡಿಲಿದ್ದಂತೆ. ಹಾಗಿರುವಾಗ ಅದರಲ್ಲಿ ದೊಣ್ಣೆ ಮೆಣಸಿನಕಾಯಿಯಂಥ ಸುಕುಮಾರ ಬೆಳೆಯನ್ನು ಬೆಳೆಯಬೇಕೆಂಬ ಹಟವೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವಾದುದೇ. ಎರಡು ಮೂರು ಎಕರೆಯ ಒಕ್ಕಲು ಕುಟುಂಬವೊಂದು ವರ್ಷಕ್ಕೊಮ್ಮೆ ಬರುವ ತೊಗರಿಯ ಹಣವನ್ನೇ ನಂಬಿ ಬದುಕುವುದು ಕಷ್ಟ. ನಡುವೆ ಕೈಗೆ ನಾಲ್ಕು ಕಾಸು ಸಿಗದೆ ಹೋದಾಗ ಮನೆಯ ಎಳೆಯರು ಹೈದರಾಬಾದಿಗೋ ಪುಣೆಗೋ ಕೂಲಿ ಹುಡುಕಿಕೊಂಡು ಹೊರಡುತ್ತಾರೆ. ಹತ್ತು ಗುಂಟೆಯಲ್ಲಿ ಬೆಳೆದು ವಾರಕ್ಕೊಮ್ಮೆ ಕೊಯ್ದು ಮಾರಬಹುದಾದ ತರಕಾರಿಯೊಂದು ಆ ಮನೆಗೆ ಆಸರೆಯಾಗಬಲ್ಲುದು. ಆದರೆ ನೆಲದ ಗುಣವನ್ನರಿಯದೆ ಕೈಯಿಟ್ಟರೆ ಅದೇ ಬೆಳೆ ಸಾಲವನ್ನೂ ಹೊರಿಸಬಲ್ಲುದು. ಆದುದರಿಂದ ಈ ಬೆಳೆಗೂ ಈ ನೆಲಕ್ಕೂ ಇರುವ ವೈಮನಸ್ಯವೇನು, ಅದನ್ನು ತಿದ್ದುವ ಬಗೆಯೇನು ಎಂಬುದನ್ನು ಕೊಂಚ ವಿವರವಾಗಿಯೇ ನೋಡಬೇಕು.

ಮೊದಲು ಅತಿಥಿಯ ಪರಿಚಯವಾಗಲಿ. ದೊಣ್ಣೆ ಮೆಣಸಿನಕಾಯಿ ನಮ್ಮ ಖಾರದ ಮೆಣಸಿನಕಾಯಿಯ ಒಡಹುಟ್ಟು. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು, ಕ್ಯಾಪ್ಸಿಕಂ ಆ್ಯನಮ್. ಖಾರವನ್ನು ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತು ಇದರಲ್ಲಿ ಉತ್ಪತ್ತಿಯಾಗುವುದಿಲ್ಲ, ಅಷ್ಟೆ. ಮೂರು ಭಾಷೆಗಳು ಕೂಡುವ ಈ ಗಡಿನಾಡಿನ ಸಂತೆಯಲ್ಲಿ ಕನ್ನಡದವರು ದೊಣ್ಣೆ ಮೆಣಸಿನಕಾಯಿ ಎಂದರೆ, ಉರ್ದು ಮಾತನಾಡುವವರು ಶಿಮ್ಲಾ ಮಿರ್ಚಿ ಎನ್ನುತ್ತಾರೆ, ಮರಾಠಿಯವರು ಢೋಬಳಿ ಮಿರ್ಚಿ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಇದರ ತವರು ಶಿಮ್ಲಾ ಅಲ್ಲ. ಕಡಲಾಚೆಯ ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿ ಭಾರತಕ್ಕೆ ಬಂದಿತು. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿ ಮೆರೆಯುತ್ತಿದ್ದಾಗ, ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದ ‘ಮಾನಸೋಲ್ಲಾಸ’ವನ್ನು ರಚಿಸಿ ಅದರಲ್ಲಿ ಅರಮನೆಯ ಅಡುಗೆಗಳನ್ನು ಬಗೆಬಗೆಯಾಗಿ ವರ್ಣಿಸಿದನು. ಆ ಅಡುಗೆಗಳಿಗೆ ಖಾರ ಕೊಡುತ್ತಿದ್ದುದು ಬಳ್ಳಿಯ ಕಾಳುಮೆಣಸು. ಇಂದು ಬಸವಕಲ್ಯಾಣದ ಯಾವ ಮನೆಯಲ್ಲಿಯೂ ಮೆಣಸಿನಕಾಯಿಯಿಲ್ಲದೆ ಒಲೆ ಹೊತ್ತುವುದಿಲ್ಲ. ಆದರೆ ಆ ಚಕ್ರವರ್ತಿಗೆ ಅದರ ರುಚಿಯೇ ತಿಳಿದಿರಲಿಲ್ಲ!

ದೊಣ್ಣೆ ಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಹೇರಳವಾಗಿದೆ. 1930ರ ದಶಕದಲ್ಲಿ ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಅವರು ಈ ಜೀವಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ಬೇರ್ಪಡಿಸಲು ಬಳಸಿದ್ದು ತಮ್ಮ ಊರಾದ ಸೆಗೆಡ್ ಸುತ್ತ ಬೆಳೆಯುತ್ತಿದ್ದ ಮೆಣಸಿನಕಾಯಿಯನ್ನೇ. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ರಾಜ್ಯಕ್ಕೂ ಈ ಬೆಳೆಯ ಇತಿಹಾಸದಲ್ಲಿ ಒಂದು ಸ್ಥಾನವುಂಟು: 1973ರಲ್ಲಿ ಬೆಂಗಳೂರಿನ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ‘ಭಾರತ್’ ಎಂಬ ಸಂಕರಣ ತಳಿಯನ್ನು ಹೊರತಂದಿತು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ಮೋಹಿನಿ, ಅರ್ಕಾ ಗೌರವ್, ಅರ್ಕಾ ಬಸಂತ್ ಎಂಬ ತಳಿಗಳು ಬಂದಿವೆ.

ಇನ್ನು ಆತಿಥೇಯನ ಸ್ವಭಾವ. ಮಣ್ಣಿನ ಹುಳಿ ಅಥವಾ ಕ್ಷಾರದ ಗುಣವನ್ನು ಅಳೆಯುವ ಅಂಕಕ್ಕೆ ರಸಸಾರ ಎಂದು ಹೆಸರು. ವಿಜ್ಞಾನದ ಪಾಠದಲ್ಲಿ ಇದನ್ನೇ ಪಿ.ಎಚ್. ಎಂದು ಕಲಿಯುತ್ತೀರಿ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಅಳತೆ ಇದು. ಶುದ್ಧ ನೀರಿನ ರಸಸಾರ 7. ಅದಕ್ಕಿಂತ ಕೆಳಗಿನದು ಹುಳಿ, ಮೇಲಿನದು ಕ್ಷಾರ. ನಿಂಬೆರಸ 2ರ ಆಸುಪಾಸು, ಎಲೆಯಡಿಕೆಗೆ ಹಚ್ಚುವ ಸುಣ್ಣದ ತಿಳಿನೀರು 12ರ ಆಸುಪಾಸು. ದೊಣ್ಣೆ ಮೆಣಸಿನಕಾಯಿಗೆ ಹಿತವಾದುದು 6ರಿಂದ 7ರವರೆಗಿನ ನೆಲ. ನಮ್ಮ ಎರೆ ಮಣ್ಣಿನ ಅಂಕ ಅನೇಕ ಕಡೆ 8ನ್ನು ದಾಟಿರುತ್ತದೆ. 7ಕ್ಕೂ 8ಕ್ಕೂ ಒಂದೇ ಮೆಟ್ಟಿಲಿನ ಅಂತರವಲ್ಲವೇ ಎಂದು ಉದಾಸೀನ ಮಾಡುವಂತಿಲ್ಲ. ಈ ಏಣಿಯ ಪ್ರತಿಯೊಂದು ಮೆಟ್ಟಿಲೂ ಹತ್ತು ಪಟ್ಟು.

ಈ ಕ್ಷಾರ ಬಂದುದೆಲ್ಲಿಂದ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಈ ಭಾಗದ ಮೇಲೆ ಲಾವಾರಸ ಪದರಪದರವಾಗಿ ಹರಿದು ಕಪ್ಪು ಕಲ್ಲಾಗಿ ಹೆಪ್ಪುಗಟ್ಟಿತು. ಆ ಕಲ್ಲು ಕಾಲಕ್ರಮದಲ್ಲಿ ಸವೆದು ಎರೆ ಮಣ್ಣಾಯಿತು. ಕಲ್ಲಿನಲ್ಲಿದ್ದ ಸುಣ್ಣದ ಅಂಶ ಮಣ್ಣಿಗೆ ಇಳಿಯಿತು. ಮಲೆನಾಡಿನಲ್ಲಾದರೆ ಹುಯ್ಯುವ ಮಳೆ ಸುಣ್ಣವನ್ನು ತೊಳೆದುಕೊಂಡು ಹೊಳೆಗೆ ಒಯ್ಯುತ್ತದೆ. ಅಲ್ಲಿಯ ಮಣ್ಣು ಹುಳಿಯಾಗಿರುವುದು ಅದರಿಂದಲೇ. ಇಲ್ಲಿಯ ಮಳೆಗೆ ಅಷ್ಟು ಬಲವಿಲ್ಲ. ವರ್ಷಕ್ಕೆ 800 ಮಿಲಿಮೀಟರಿಗಿಂತ ಹೆಚ್ಚು ಬಿದ್ದರೂ ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಮುಗಿದು, ಉಳಿದ ಕಾಲವೆಲ್ಲ ಬಿಸಿಲು ನೀರನ್ನು ಮೇಲಕ್ಕೆ ಹೀರುತ್ತದೆ. ಹೀಗಾಗಿ ಸುಣ್ಣ ಮಣ್ಣಿನಲ್ಲಿಯೇ ನೆಲೆನಿಂತು, ಕೆಲವೆಡೆ ಬಿಳಿಯ ಹರಳುಗಳಾಗಿ ನೇಗಿಲಿಗೆ ಸಿಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಎಚ್ಚರಿಕೆ ತಾನಾಗಿಯೇ ಹೊಳೆಯುತ್ತದೆ. ತರಕಾರಿ ತೋಟಕ್ಕೆ ಸುಣ್ಣ ಹಾಕಿರಿ, ಒಲೆಯ ಬೂದಿ ಎರಚಿರಿ ಎಂಬ ಸಲಹೆ ಮಲೆನಾಡಿನ ತೋಟಕ್ಕೆ ಅಮೃತವಾಗಬಹುದು. ಬಸವಕಲ್ಯಾಣದ ಎರೆಗೆ ಅದು ಗಾಯದ ಮೇಲೆ ಬರೆ. ಕೃಷಿಯ ಸಲಹೆಗೂ ಒಂದು ಊರು ಇರುತ್ತದೆ.

ಈಗ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಮೂರು ಎಕರೆ ಎರೆ ಹೊಲ, ಒಂದು ಕೊಳವೆ ಬಾವಿ. ಪೇಟೆಯಲ್ಲಿ ದೊಣ್ಣೆ ಮೆಣಸಿನಕಾಯಿಗೆ ಒಳ್ಳೆಯ ಬೆಲೆಯಿದೆಯೆಂದು ಕೇಳಿ, ಕೈಸಾಲ ಮಾಡಿ, ಸಂಕರಣ ಬೀಜ ತಂದು ಸಸಿ ನಾಟಿದನು. ಮೂರು ವಾರ ಗಿಡಗಳು ಚೆನ್ನಾಗಿದ್ದವು. ಆಮೇಲೆ ತುದಿಯ ಎಲೆಗಳು ಹಳದಿಗೆ ತಿರುಗಿದವು. ಅಂಗಡಿಯವನು ಯೂರಿಯಾ ಕೊಟ್ಟನು. ನೆರೆಯವನು ನೀರು ಸಾಲದೆಂದನು. ರೈತನು ಎರಡನ್ನೂ ಧಾರಾಳವಾಗಿ ಕೊಟ್ಟನು. ಹಳದಿ ಇನ್ನಷ್ಟು ಏರಿತು; ಎಳೆಯ ಎಲೆಗಳು ಬೆಳ್ಳಗಾದವು; ಹೂ ಉದುರಿತು. ಇಂಥ ರೈತನು ಸೋಮಾರಿಯಲ್ಲ, ಜಿಪುಣನಲ್ಲ; ಅವನು ಮಾಡಿದ ಖರ್ಚೇ ಅವನ ಬೆಳೆಗೆ ಶತ್ರುವಾಯಿತು. ಏಕೆ?

ಎಲೆಯನ್ನು ಓದಲು ಕಲಿತವನಿಗೆ ಉತ್ತರ ಸುಲಭ. ಸಾರಜನಕದ ಕೊರತೆಯಾದಾಗ ಮೊದಲು ಹಳದಿಯಾಗುವುದು ಬುಡದ ಹಳೆಯ ಎಲೆ. ಏಕೆಂದರೆ ಗಿಡವು ಹಳೆಯ ಎಲೆಯಲ್ಲಿದ್ದ ಸಾರಜನಕವನ್ನು ಬಿಡಿಸಿ ಎಳೆಯ ಎಲೆಗೆ ಕಳುಹಿಸಬಲ್ಲುದು. ಹೆತ್ತವರು ತಮ್ಮ ತುತ್ತನ್ನು ಮಕ್ಕಳಿಗೆ ಕೊಟ್ಟಂತೆ. ಕಬ್ಬಿಣವನ್ನು ಹಾಗೆ ಸಾಗಿಸಲು ಬಾರದು. ಆದುದರಿಂದ ಕಬ್ಬಿಣದ ಕೊರತೆ ಮೊದಲು ತೋರುವುದು ತುದಿಯ ಎಳೆಯ ಎಲೆಯಲ್ಲಿ. ಅದೂ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿ, ಹಸಿರು ದಾರದಿಂದ ಬಲೆ ನೇಯ್ದಂತೆ. ನಮ್ಮ ರೈತನ ಗಿಡಕ್ಕೆ ಬೇಕಾಗಿದ್ದುದು ಯೂರಿಯಾ ಅಲ್ಲ, ಕಬ್ಬಿಣ. ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಕಬ್ಬಿಣದ ನೆರವಿಲ್ಲದೆ ಸಿದ್ಧವಾಗದು.

ಹಾಗಾದರೆ ಆ ಹೊಲದಲ್ಲಿ ಕಬ್ಬಿಣವೇ ಇರಲಿಲ್ಲವೇ? ಬೇಕಾದಷ್ಟಿತ್ತು. ಲಾವಾದಿಂದಾದ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೆಲ್ಲಿ? ಬರವಿರುವುದು ಕರಗಿದ ಕಬ್ಬಿಣಕ್ಕೆ. ಬೇರು ಗಟ್ಟಿ ವಸ್ತುವನ್ನು ಅಗಿಯಲಾರದು. ನೀರಿನಲ್ಲಿ ಕರಗಿದುದನ್ನು ಮಾತ್ರ ಕುಡಿಯಬಲ್ಲುದು. ರಸಸಾರ ಒಂದು ಅಂಕ ಮೇಲೇರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಕಬ್ಬಿಣದ ಅಯಾನು ಸಾವಿರದಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ಉಳಿದುದೆಲ್ಲ ತುಕ್ಕಿನಂತೆ ಗಟ್ಟಿಯಾಗಿ ಕುಳಿತಿರುತ್ತದೆ. ಸತುವಿನ ಪಾಡೂ ಬಹುಮಟ್ಟಿಗೆ ಇದೇ. ರಂಜಕವಂತೂ ಸುಣ್ಣದೊಡನೆ ಕೂಡಿ ಬಿಡಿಸಲಾಗದ ಗಂಟಾಗುತ್ತದೆ. ಕಣಜ ತುಂಬಿದೆ, ಬಾಗಿಲಿಗೆ ಬೀಗ ಬಿದ್ದಿದೆ: ಕ್ಷಾರ ನೆಲದ ಬಡತನ ಈ ಬಗೆಯದು.

ಈ ಬೀಗವನ್ನು ತೆರೆಯಲು ಗಿಡ ತಾನೇ ಯತ್ನಿಸುತ್ತದೆ ಎಂಬುದು ಸೋಜಿಗದ ಸಂಗತಿ. ಕಬ್ಬಿಣ ಸಾಲದೆಂದು ತಿಳಿದೊಡನೆ ಮೆಣಸಿನ ಗಿಡದ ಬೇರು ಸುತ್ತಲಿನ ಮಣ್ಣಿಗೆ ಸ್ವಲ್ಪ ಹುಳಿಯನ್ನು ಸ್ರವಿಸಿ, ಒಂದೆರಡು ಮಿಲಿಮೀಟರಿನಷ್ಟು ಜಾಗದಲ್ಲಿ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಆದರೆ ಹೊಲದಲ್ಲಿ ನೀರು ನಿಂತರೆ ಬೇರು ಬಿಟ್ಟ ಇಂಗಾಲದ ಡೈಆಕ್ಸೈಡು ಹೊರಹೋಗಲಾರದೆ, ಸುಣ್ಣದೊಡನೆ ಸೇರಿ ಬೈಕಾರ್ಬೊನೇಟು ಆಗುತ್ತದೆ. ಅದು ಬೇರಿನ ಹುಳಿಯನ್ನು ಅಲ್ಲಿಯೇ ಕೊಲ್ಲುತ್ತದೆ. ಭಾರಿ ಮಳೆಯಾದ ನಾಲ್ಕು ದಿನಕ್ಕೆ ಎರೆ ಹೊಲದ ಬೆಳೆ ಒಮ್ಮೆಲೇ ಹಳದಿಯಾಗುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಹಳದಿಯಾದ ಗಿಡಕ್ಕೆ ಮತ್ತಷ್ಟು ನೀರು ಬಿಟ್ಟ ರೈತನು ಮಾಡಿದ್ದೂ ಅದನ್ನೇ. ಇದಲ್ಲದೆ ಕಪ್ಪು ಕಲ್ಲಿನ ಪದರದಿಂದ ಬರುವ ಕೊಳವೆ ಬಾವಿಯ ನೀರಿನಲ್ಲಿಯೂ ಬೈಕಾರ್ಬೊನೇಟು ಕರಗಿರುವುದುಂಟು. ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಹೊರೆಯನ್ನು ಕೆರೆದು ನೋಡಿರಿ. ಹೊಲಕ್ಕೆ ಹರಿಯುವ ನೀರೂ ಅದೇ.

ರೋಗ ತಿಳಿಯಿತು, ಚಿಕಿತ್ಸೆಯೇನು? ಇಲ್ಲಿ ಎರಡು ತಪ್ಪುದಾರಿಗಳಿವೆ. ಒಂದು, ಜಿಪ್ಸಂ. ತುಂಗಭದ್ರೆಯ ಕಾಲುವೆ ಪ್ರದೇಶದಲ್ಲಿ ಸೋಡಿಯಂ ಸೇರಿ ಕೆಟ್ಟ ಕರಲು ಭೂಮಿಗೆ ಜಿಪ್ಸಂ ದಿವ್ಯೌಷಧ. ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರತಳ್ಳುತ್ತದೆ. ಆದರೆ ಸೋಡಿಯಂ ಹೆಚ್ಚಿಲ್ಲದ, ಬರಿಯ ಸುಣ್ಣದಿಂದ ಕ್ಷಾರವಾದ ನೆಲಕ್ಕೆ ಜಿಪ್ಸಂ ಹಾಕಿದರೆ ರಸಸಾರ ಇಳಿಯುವುದಿಲ್ಲ. ಇಳಿಯುವುದು ರೈತನ ಗಂಟು. ಎರಡು ನೆಲಗಳೂ ಕ್ಷಾರವೆನಿಸಿಕೊಂಡರೂ ಕಾರಣ ಬೇರೆ, ಮದ್ದು ಬೇರೆ.

ಇನ್ನೊಂದು, ಗಂಧಕದಿಂದ ಇಡೀ ಹೊಲವನ್ನೇ ಹುಳಿ ಮಾಡುವೆನೆಂಬ ಸಾಹಸ. ಗಂಧಕವು ಮಣ್ಣಿನ ಸೂಕ್ಷ್ಮಜೀವಿಗಳಿಂದ ಆಮ್ಲವಾಗಿ ಮಾರ್ಪಟ್ಟು ಸುಣ್ಣವನ್ನು ಕರಗಿಸುತ್ತದೆಂಬುದು ನಿಜ. ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 8 ಲಕ್ಷ ಕಿಲೋಗ್ರಾಂ. ಅದರಲ್ಲಿ ನೂರಕ್ಕೆ ಐದು ಪಾಲು ಸುಣ್ಣಕಲ್ಲಿನ ಅಂಶವಿದೆಯೆಂದು ಇಟ್ಟುಕೊಂಡರೆ 40,000 ಕಿಲೋಗ್ರಾಂ ಆಯಿತು. 100 ಭಾಗ ಸುಣ್ಣಕಲ್ಲನ್ನು ಕರಗಿಸಲು 32 ಭಾಗ ಗಂಧಕ ಬೇಕು. ಎಂದರೆ ಒಂದು ಎಕರೆಗೆ ಸುಮಾರು 13 ಟನ್! ಯಾವ ರೈತನ ಕೈಗೆ ಎಟುಕುವ ಮಾತಿದು? ಎಟುಕಿದರೂ ಮುಂದಿನ ವರ್ಷ ಕೆಳಗಿನ ಪದರದ ಮಣ್ಣನ್ನು ನೇಗಿಲು ಮೇಲಕ್ಕೆ ತಂದುಬಿಡುತ್ತದೆ.

ಕೋಟ್ಯಂತರ ವರ್ಷಗಳಲ್ಲಿ ಆದ ನೆಲವನ್ನು ಒಂದು ಹಂಗಾಮಿನಲ್ಲಿ ಬದಲಿಸಲು ಹೊರಡುವುದು ವ್ಯರ್ಥ. ಗಿಡಕ್ಕೆ ಬೇಕಾದುದು ಇಡೀ ಹೊಲವಲ್ಲ. ಬೇರು ಹರಡುವ ಒಂದು ಬುಟ್ಟಿಯಷ್ಟು ಮಣ್ಣು. ಬೇರು ಯಾವುದನ್ನು ಒಂದೆರಡು ಮಿಲಿಮೀಟರಿನಲ್ಲಿ ಮಾಡಲು ಹೆಣಗುತ್ತದೆಯೋ ಅದನ್ನು ನಾವು ಒಂದು ಗೇಣಿನಷ್ಟು ಜಾಗದಲ್ಲಿ ಮಾಡಿಕೊಡಬೇಕು.

ಅದಕ್ಕೆ ಮುನ್ನ ಮಣ್ಣನ್ನು ಕೇಳಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತ ಎಂಟು ಹತ್ತು ಕಡೆ ಗೇಣುದ್ದ ಗುಣಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸಬೇಕು. ಗೊಬ್ಬರದ ತಿಪ್ಪೆಯ ಬಳಿ, ಬದುವಿನ ಮೇಲೆ, ಮರದ ಬುಡದಲ್ಲಿ ತೆಗೆದ ಮಣ್ಣು ಸುಳ್ಳು ಹೇಳುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿದ ಮೇಲೆ ಅನೇಕ ಮನೆಗಳಿಗೆ ಇಂಥ ಚೀಟಿ ಬಂದಿದೆ. ಅದನ್ನು ಹೊರತೆಗೆದು ರಸಸಾರದ ಅಂಕವನ್ನು ಮನೆಯ ಹಿರಿಯರಿಗೆ ಓದಿ ಹೇಳುವುದು ಒಂಬತ್ತನೆಯ ತರಗತಿಯವರಿಗೆ ಕಷ್ಟದ ಕೆಲಸವಲ್ಲ. ಶಾಲೆಯಲ್ಲಿಯೂ ಒಂದು ಪ್ರಯೋಗ ಮಾಡಬಹುದು. ಗುರುಗಳ ಸಮ್ಮುಖದಲ್ಲಿ ಒಂದು ಚಮಚ ಒಣಮಣ್ಣಿನ ಮೇಲೆ ಸಾರಗುಂದಿದ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಡಿರಿ. ಬುಸುಗುಟ್ಟಿ ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣವಿದೆಯೆಂದು ಅರ್ಥ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಮನೆಯಲ್ಲಿ ಆರತಿಯ ತಟ್ಟೆಯಲ್ಲಿ ನೋಡಿದ್ದೀರಿ. ಅದೂ ಕ್ಷಾರದ ಪರೀಕ್ಷೆಯೇ. ಆದರೆ ಅರಿಶಿನ ಸೂಚನೆಯನ್ನು ಕೊಡಬಲ್ಲುದೇ ಹೊರತು ಅಂಕವನ್ನಲ್ಲ.

ಹತ್ತು ಗುಂಟೆಯ ತೋಟವೆಂದುಕೊಳ್ಳೋಣ. ಮುಂಗಾರಿನ ಮೊದಲ ಮಳೆಗೆ ಅಲ್ಲಿ ಸೆಣಬನ್ನು ಬಿತ್ತಿ, ಹೂ ಬಿಡುವ ಮುನ್ನ ಮಣ್ಣಿಗೆ ಮಗುಚಬೇಕು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡೂವರೆ ಟನ್ನಿನಷ್ಟು ಬೇಕು. ಅದನ್ನು ಹೊಲದ ತುಂಬ ಎರಚದೆ, ಗಿಡ ಕೂರುವ ಸಾಲಿಗೇ ಕೊಡುವುದು ಜಾಣತನ. ಕಳಿಯುವ ಗೊಬ್ಬರದಿಂದ ಹುಟ್ಟುವ ಸಾವಯವ ಆಮ್ಲಗಳು ಕಬ್ಬಿಣ, ಸತುವುಗಳನ್ನು ಕೈಹಿಡಿದು ಬೇರಿನ ಬಳಿಗೆ ತರುತ್ತವೆ. ಗಂಧಕವನ್ನೂ ರಂಜಕದ ಗೊಬ್ಬರವನ್ನೂ ಇದೇ ಸಾಲಿನೊಳಗೆ ಸ್ವಲ್ಪವಾಗಿ ಬೆರೆಸಿದರೆ ಫಲವುಂಟು. ಮೇಲುಗೊಬ್ಬರವಾಗಿ ಯೂರಿಯಾದ ಬದಲು ಅಮೋನಿಯಂ ಸಲ್ಫೇಟನ್ನು ಆರಿಸಿಕೊಳ್ಳಬೇಕು. ಅದು ಬೇರಿನ ಸುತ್ತ ಹುಳಿಯನ್ನು ಬಿಡುತ್ತದೆ. ಶಾಲೆಯ ಕೈತೋಟದಲ್ಲಿ ಇಪ್ಪತ್ತೇ ಗಿಡಗಳಾದರೆ ಇನ್ನೂ ಸುಲಭವಾದ ಉಪಾಯವಿದೆ. ಒಂದೊಂದು ಅಡಿಯ ಗುಣಿ ತೋಡಿ, ಎರೆಯನ್ನು ತೆಗೆದು, ಹುಮನಾಬಾದಿನ ಕಡೆಯ ಕೆಂಪು ಮಸಾರಿಯನ್ನು ಗೊಬ್ಬರದೊಡನೆ ತುಂಬಿದರಾಯಿತು. ಒಂದೇ ತಾಲ್ಲೂಕಿನ ಆಸುಪಾಸಿನಲ್ಲಿ ಎರಡು ಮಣ್ಣುಗಳಿರುವುದು ಭಾಗ್ಯವೇ ಸರಿ. ಹೊಲಕ್ಕೆಲ್ಲ ಹೀಗೆ ಮಣ್ಣು ಹೇರುವುದು ಮಾತ್ರ ಲೆಕ್ಕಕ್ಕೆ ಬಾರದು.

ಸಸಿಯನ್ನು ಮಘೆಯ ಮಳೆಯ ಹೊತ್ತಿಗೆ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿಕೊಳ್ಳಬೇಕು. ಎರೆ ಮಣ್ಣಿನ ಮಡಿಯಲ್ಲಿ ಸಸಿಯ ಬೇರು ಬಿಡಿಸಲು ಬಾರದು. 35ರಿಂದ 40 ದಿನಗಳ ಸಸಿಯನ್ನು ಹಸ್ತೆಯ ಮಳೆಗೆ ನಾಟಿದರೆ, ಹೂ ಬಿಡುವ ಕಾಲ ಚಳಿಗಾಲದ ಹಿತವಾದ ಹವೆಗೆ ಸಿಕ್ಕುತ್ತದೆ. ಇದು ಬಹು ಮುಖ್ಯವಾದ ಮಾತು. ಹಗಲಿನ ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಗಿಡ ಹೂವನ್ನು ಉದುರಿಸತೊಡಗುತ್ತದೆ. ಬಸವಕಲ್ಯಾಣದ ಬೇಸಗೆ 40 ಡಿಗ್ರಿಯನ್ನೂ ಮುಟ್ಟುತ್ತದೆ. ನೆರಳು ಪರದೆ ಕಟ್ಟಿ ಬೇಸಗೆಯಲ್ಲಿಯೂ ಬೆಳೆಯುವವರಿದ್ದಾರೆ. ಕೈಯಲ್ಲಿ ಹಣವಿರುವವರ ದಾರಿ ಅದು. ಹತ್ತು ಗುಂಟೆಯವನಿಗೆ ಚಳಿಗಾಲವೇ ಪುಕ್ಕಟೆಯ ಪರದೆ.

ನಾಟುವ ಸಾಲು ಗೇಣೆತ್ತರದ ಏರುಮಡಿಯಾಗಿರಬೇಕು. ಎರೆಯಲ್ಲಿ ನೀರು ನಿಂತರೆ ಹಳದಿ ರೋಗವಷ್ಟೇ ಅಲ್ಲ, ಬುಡ ಕೊಳೆತು ಗಿಡ ಸೊರಗುವುದೂ ಉಂಟು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಸಾಕು. ಮಡಿಯ ಮೇಲೆ ಕಬ್ಬಿನ ರವದಿ, ಸೋಯಾ ಹೊಟ್ಟು, ಯಾವುದು ಸಿಕ್ಕಿದರೆ ಅದನ್ನು ದಪ್ಪವಾಗಿ ಹೊದಿಸಬೇಕು. ಬಿಸಿಲು ಮಣ್ಣಿನ ನೀರನ್ನು ಮೇಲೆಳೆದು ಆವಿ ಮಾಡಿದಾಗ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹೊದಿಕೆ ಇವೆರಡನ್ನೂ ತಡೆಯುತ್ತದೆ. ಸುಡುವುದಕ್ಕೆಂದು ಬದುವಿಗೆ ಎಸೆದ ರವದಿಯ ಬೆಲೆ ಆಗ ತಿಳಿಯುತ್ತದೆ.

ನೀರಿನ ಮಾತು ಬಂದಾಗ ಈ ಸೀಮೆಯವರು ಮೌನವಾಗುತ್ತಾರೆ. 1972ರ ಬರವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. 2016ರ ಬೇಸಗೆಯಲ್ಲಿ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಆ ಬರ ಬೀದರ ಜಿಲ್ಲೆಯನ್ನೂ ಕಾಡಿತು. ಇಂಥಲ್ಲಿ ಕಾಲುವೆ ತುಂಬ ನೀರು ಬಿಟ್ಟು ತರಕಾರಿ ಬೆಳೆಯುವುದು ನ್ಯಾಯವಲ್ಲ. ಹನಿ ನೀರಾವರಿಯಲ್ಲಿ ಬೆಳೆದ ಗಿಡವೊಂದಕ್ಕೆ ಹವೆಯನ್ನನುಸರಿಸಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರು ಸಾಕಾಗುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಿಂದ ಒಣ ಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಆದವು. ಆ ಹೊಂಡದ ನೀರು ಮಳೆಯ ನೀರು. ಅದರಲ್ಲಿ ಕೊಳವೆ ಬಾವಿಯ ಸುಣ್ಣವಿಲ್ಲ. ಮೆಣಸಿನ ಗಿಡಕ್ಕೆ ಹೊಂಡದ ನೀರನ್ನು ಮೀಸಲಿಟ್ಟು, ಕೊಳವೆ ಬಾವಿಯ ನೀರನ್ನು ಅದನ್ನು ತಾಳಬಲ್ಲ ಜೋಳಕ್ಕೆ ಹಾಯಿಸುವವನು ನಿಜವಾದ ಒಕ್ಕಲಿಗ. ಕಲ್ಯಾಣದ ಶರಣರಲ್ಲಿ ಒಕ್ಕಲಿಗ ಮುದ್ದಣ್ಣನೆಂಬ ವಚನಕಾರನಿದ್ದನು. ಬೇಸಾಯವನ್ನೇ ಕಾಯಕವಾಗಿ ಹಿಡಿದ ಅವನ ವಚನಗಳಲ್ಲಿ ಹೊಲದ ಮಾತೇ ಅನುಭಾವದ ಮಾತಾಗಿದೆ. ನೆಲ, ನೀರು, ಕಾಲಗಳನ್ನು ಅರಿತು ದುಡಿಯುವ ಕೆಲಸಕ್ಕೆ ಅಂಥ ಗೌರವ ಈ ಮಣ್ಣಿನಲ್ಲಿಯೇ ಸಂದಿತ್ತು.

ಇಷ್ಟೆಲ್ಲ ಮಾಡಿದರೂ ಎಳೆಯ ಎಲೆ ಹಳದಿಯಾದರೆ ಅನ್ನಭೇದಿ ಇದೆ. ಕಬ್ಬಿಣದ ಈ ಉಪ್ಪನ್ನು ಮಣ್ಣಿಗೆ ಸುರಿದರೆ ಸುಣ್ಣದ ನೆಲದಲ್ಲಿ ಬೇಗನೆ ತುಕ್ಕಾಗಿ ವ್ಯರ್ಥವಾಗುತ್ತದೆ, ಎಲೆಗೆ ಸಿಂಪಡಿಸಬೇಕು. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಅಥವಾ ಒಂದು ನಿಂಬೆಹಣ್ಣಿನ ರಸ. ಬೆರೆಸಿದ ದಿನವೇ, ಇಳಿಹೊತ್ತಿನಲ್ಲಿ ಸಿಂಪಡಿಸಬೇಕು. ಹಸಿರು ಬಣ್ಣದ ಹೊಸ ಅನ್ನಭೇದಿ ಒಳ್ಳೆಯದು. ಕಂದು ತಿರುಗಿದ್ದು ಬೇಡ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ನಮ್ಮ ಕಲ್ಪನೆಯ ರೈತನು ಯೂರಿಯಾಕ್ಕೆ ಸುರಿದ ಹಣದ ಸಣ್ಣದೊಂದು ಪಾಲಿನಲ್ಲಿ ಈ ಕೆಲಸ ಮುಗಿಯುತ್ತಿತ್ತು.

ಕಾಯಿ ಬಿಟ್ಟ ಮೇಲೆ ಇನ್ನೊಂದು ವಿಚಿತ್ರ ಎದುರಾಗಬಹುದು. ಕಾಯಿಯ ತಳದಲ್ಲಿ ಚರ್ಮದಂತೆ ಒಣಗಿದ ಕಂದು ಕಲೆ ಬೀಳುತ್ತದೆ. ಇದು ಹುಳುವಿನ ಕೆಲಸವಲ್ಲ, ಕ್ಯಾಲ್ಸಿಯಂ ಕೊರತೆ! ಸುಣ್ಣದ ರಾಶಿಯ ಮೇಲೆ ನಿಂತ ಗಿಡಕ್ಕೆ ಸುಣ್ಣದ ಕೊರತೆಯೆಂದರೆ ನಗು ಬರುತ್ತದೆ. ಆದರೆ ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಓಟದೊಡನೆ ಮಾತ್ರ ಸಾಗುತ್ತದೆ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಕೆರೆಯಂತೆ ನೀರು ಕಟ್ಟಿದರೆ ಆ ಓಟ ತಪ್ಪುತ್ತದೆ. ಬಂದ ಅಷ್ಟಿಷ್ಟನ್ನು ಬಿಸಿಲಿಗೆ ಬೆವರುವ ಎಲೆಗಳು ಸೆಳೆದುಕೊಳ್ಳುತ್ತವೆ. ಕಾಯಿಯ ತುದಿಗೆ ಏನೂ ಮುಟ್ಟುವುದಿಲ್ಲ. ಇಲ್ಲಿಯೂ ಮದ್ದು ಸುಣ್ಣವಲ್ಲ. ದಿನವೂ ಒಂದೇ ಹದದಲ್ಲಿ ಕೊಡುವ ನೀರು. ಎಲೆ ಮುದುರಿದರೆ ಮಾತ್ರ ನುಸಿಯನ್ನೂ ಥ್ರಿಪ್ಸನ್ನೂ ಹುಡುಕಬೇಕು. ಕಂಡೊಡನೆ ಉಗ್ರವಾದ ವಿಷಕ್ಕೆ ಕೈಹಾಕದೆ ಬೇವಿನ ಎಣ್ಣೆಯ ದ್ರಾವಣದಿಂದ ಆರಂಭಿಸಬಹುದು. ಈ ಕಾಯಿಯನ್ನು ಸಿಪ್ಪೆಸಹಿತ ತಿನ್ನುತ್ತೇವೆಂಬುದನ್ನು ಮರೆಯಬಾರದು.

ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ ಉಣ್ಣುವ ಹೊತ್ತಿಗೆ ಬುಟ್ಟಿಯಲ್ಲಿ ದೊಣ್ಣೆ ಮೆಣಸಿನಕಾಯಿಯೂ ಇರುತ್ತದೆ. ಕಾಯಿಯನ್ನು ಎಳೆದು ಕೀಳಬಾರದು, ಟೊಂಗೆ ಮುರಿಯುತ್ತದೆ. ತೊಟ್ಟು ಉಳಿಯುವಂತೆ ಕತ್ತರಿಯಿಂದ ಕತ್ತರಿಸಬೇಕು. ಹಸಿರು ಕಾಯಿಯನ್ನು ಇನ್ನೆರಡು ಮೂರು ವಾರ ಗಿಡದಲ್ಲೇ ಬಿಟ್ಟರೆ ತಳಿಯನ್ನನುಸರಿಸಿ ಕೆಂಪಾಗಿಯೋ ಹಳದಿಯಾಗಿಯೋ ಹಣ್ಣಾಗುತ್ತದೆ. ಸಿ ಜೀವಸತ್ವವೂ ಹೆಚ್ಚುತ್ತದೆ. ಆದರೆ ಕಾಯುವ ಆ ದಿನಗಳಲ್ಲಿ ಬೆಲೆ ಏನಾಗುವುದೋ ಹೇಳಬಲ್ಲವರಿಲ್ಲ. ಎಲ್ಲರ ಕಾಯಿಯೂ ಒಮ್ಮೆಗೇ ಪೇಟೆಗೆ ಬಂದರೆ ಸಾಗಾಟದ ಕೂಲಿಯೂ ಹುಟ್ಟದ ದಿನಗಳಿರುತ್ತವೆ. ತೊಗರಿಯಂತೆ ಚೀಲದಲ್ಲಿ ತುಂಬಿ ಬೆಲೆ ಬರುವವರೆಗೆ ಇಡಬಹುದಾದ ಬೆಳೆ ಇದಲ್ಲ. ಆದುದರಿಂದಲೇ ಮೂರು ಎಕರೆಯವನು ಮೂರು ಎಕರೆಗೂ ಇದನ್ನೇ ಹಾಕುವುದನ್ನು ನಾನು ಒಪ್ಪಲಾರೆ. ಎರಡೂಮುಕ್ಕಾಲು ಎಕರೆಯಲ್ಲಿ ತೊಗರಿ, ಜೋಳ, ಕಡಲೆಗಳಿರಲಿ. ಹತ್ತು ಗುಂಟೆ ಸಾಕು.

ಆ ಹತ್ತು ಗುಂಟೆಯಲ್ಲಿಯೂ ಮರುವರ್ಷ ಇದೇ ಬೆಳೆ ಬೇಡ. ಇದರ ಬಳಗವಾದ ಬದನೆ, ಟೊಮೇಟೊ, ಖಾರದ ಮೆಣಸಿನಕಾಯಿಗಳೂ ಬೇಡ. ಒಂದರ ರೋಗ ಇನ್ನೊಂದಕ್ಕೆ ಮಣ್ಣಿನಲ್ಲಿ ಕಾದಿರುತ್ತದೆ. ಅಲ್ಲಿ ಕಡಲೆಯನ್ನೋ ಜೋಳವನ್ನೋ ಬಿತ್ತಿ, ಏರುಮಡಿಯನ್ನು ಪಕ್ಕದ ಹತ್ತು ಗುಂಟೆಗೆ ಸರಿಸಬೇಕು. ಹನಿಯ ಕೊಳವೆಗಳನ್ನು ಸುತ್ತಿಡುವ ಮುನ್ನ ಒಮ್ಮೆ ಸೌಮ್ಯವಾದ ಆಮ್ಲದ ನೀರು ಹಾಯಿಸಿ, ರಂಧ್ರಗಳಲ್ಲಿ ಕಟ್ಟಿಕೊಂಡ ಸುಣ್ಣವನ್ನು ಕರಗಿಸಿ ತೊಳೆಯಬೇಕು. ಇಲ್ಲದಿದ್ದರೆ ಮುಂದಿನ ಮಘೆಯ ಹೊತ್ತಿಗೆ ಅರ್ಧ ಸಾಲಿಗೆ ನೀರೇ ಇಳಿಯದು.